ಐದು ಜನ, ಒಂದು ಬಿಲ್

ಕಳೆದ ವರ್ಷ ಈರುಳ್ಳಿ ಸುಗ್ಗಿಯಲ್ಲಿ ನಮ್ಮೂರಿನ ಗೆಳೆಯನೊಬ್ಬ ಲೋಡ್ ಜೊತೆ ಬೆಂಗಳೂರಿಗೆ ಬಂದಿದ್ದ. ನಮ್ಮೂರು ಅಂದರೆ ಅಜ್ಜಂಪುರ ತಾಲ್ಲೂಕಿನ ಅಂತರಘಟ್ಟೆ. ದುರ್ಗಾಂಬಾ ದೇವಿ ಜಾತ್ರೆಗೆ ಸುತ್ತಲ ಹಳ್ಳಿಗಳಿಂದ ಎತ್ತಿನ ಗಾಡಿ ಕಟ್ಟಿಕೊಂಡು ಬರ್ತಾರಲ್ಲ, ಅದೇ ಊರು. ಬೆಳಿಗ್ಗೆ ಯಶವಂತಪುರದ ಮಾರುಕಟ್ಟೆಯಲ್ಲಿ ಚೀಲ ಇಳಿಸಿ, ವ್ಯಾಪಾರ ಮುಗಿಸಿ ಮಧ್ಯಾಹ್ನ ಫೋನ್ ಮಾಡಿದ. "ರಾತ್ರಿ ರೈಲಿಗೆ ಬೀರೂರಿಗೆ ಹೊರಡ್ತೀನಿ ಕಣೋ. ಸಂಜೆ ಸಿಗ್ತೀರೇನ್ರೋ?"

ಸಿಗದೆ ಇರ್ತೀವಾ? ಒಂದೇ ಶಾಲೆಯಲ್ಲಿ ಓದಿದವರು ನಾಲ್ಕು ಜನ ಬೆಂಗಳೂರಲ್ಲೇ ಇದ್ದೀವಿ, ಮೂವರು ಸಾಫ್ಟ್‌ವೇರ್, ಒಬ್ಬ ಬ್ಯಾಂಕು. ಊರಲ್ಲಿ ಉಳಿದವನು ಅವನೊಬ್ಬನೇ. ಗ್ರೂಪಿನಲ್ಲಿ ಚರ್ಚೆ ಶುರುವಾಯ್ತು. ಒಬ್ಬ ಹೊಸ ಕೆಫೆಯೊಂದರ ಲಿಂಕ್ ಹಾಕಿದ, ಇನ್ನೊಬ್ಬ ಫೋಟೋ ಚೆನ್ನಾಗಿ ಬರುತ್ತೆ ಅಂದ, ನಾನು ಟೇಬಲ್ ಬುಕ್ ಮಾಡಿದೆ. ಎಲ್ಲಿ ಕೂರೋಣ ಅಂತ ಬಂದ ಅತಿಥಿಯನ್ನ ಯಾರೂ ಕೇಳಲಿಲ್ಲ.

ಊಟ ಚೆನ್ನಾಗಿತ್ತು, ಮಾತು ಅದಕ್ಕಿಂತ ಚೆನ್ನಾಗಿತ್ತು. ಶಾಲೆಯ ಮೇಷ್ಟ್ರ ಬೆತ್ತದಿಂದ ಹಿಡಿದು ಯಾರ ಮದುವೆ ಎಲ್ಲಿಗೆ ಬಂತು ಅನ್ನೋವರೆಗೂ ಎಲ್ಲಾ ಬಂದುಹೋಯ್ತು. ನಾವು ನಾಲ್ವರು ಪಾಸ್ತಾ, ಪಿಜ್ಜಾ, ತಲೆಗೊಂದು ತಣ್ಣನೆ ಕಾಫಿ, ಕೊನೆಗೆ ಕೇಕು ತರಿಸಿದೆವು. ಅವನು ಮೆನು ಪುಸ್ತಕವನ್ನ ಎರಡು ಸಲ ತಿರುವಿ ಹಾಕಿ ಒಂದು ಸ್ಯಾಂಡ್‌ವಿಚ್, ಒಂದು ನಿಂಬೆ ಸೋಡಾ ಹೇಳಿದ. "ಮಧ್ಯಾಹ್ನ ಲೇಟಾಗಿ ಊಟ ಮಾಡ್ದೆ, ಹಸಿವಿಲ್ಲ" ಅಂದ. ನಾವು ನಂಬಿದೆವು.

ಬಿಲ್ ಬಂತು. ತಿಂದದ್ದು 4,000 ರೂಪಾಯಿ, ಸೇವಾ ಶುಲ್ಕ ಶೇ 10ರಂತೆ 400, ಅದರ ಮೇಲೆ ಶೇ 5ರ ಜಿಎಸ್‌ಟಿ 220. ಒಟ್ಟು 4,620. ನಾನು ಕಾರ್ಡ್ ಉಜ್ಜಿದೆ, ಅಲ್ಲೇ ಆ್ಯಪ್ ತೆಗೆದು ಐದು ಭಾಗ ಮಾಡಿದೆ. ತಲೆಗೆ 924. ಎಲ್ಲರ ಫೋನೂ ಟಿಂಗ್ ಅಂತು. ಅವನ ಫೋನೂ ಟಿಂಗ್ ಅಂತು. ಅವನು ಮರುಮಾತಿಲ್ಲದೆ ಕಳಿಸಿಬಿಟ್ಟ. ಅವನು ತಿಂದದ್ದು 270 ರೂಪಾಯಿಯದ್ದು.

ಪ್ರೋಗ್ರಾಂನಲ್ಲಿ ಒಂದು ಸಾಲು ತಪ್ಪಾದರೆ ರಾತ್ರಿಯೆಲ್ಲಾ ಕೂತು ಹುಡುಕೋ ನನಗೆ, ಕಣ್ಣೆದುರಿನ ಈ ತಪ್ಪು ಕಾಣಲೇ ಇಲ್ಲ.

ಆಮೇಲೆ ಅವನು ಬೆಂಗಳೂರಿಗೆ ಎರಡು ಸಲ ಬಂದು ಹೋದ. ಎರಡು ಸಲವೂ ಬೀರೂರಿಗೆ ಹೋಗಿ ಇಳಿದ ಮೇಲೆ "ಟೈಮೇ ಆಗ್ಲಿಲ್ಲ ಕಣೋ" ಅಂತ ಮೆಸೇಜ್. ನಾವು "ಇವನಿಗೆ ಈಗ ದೊಡ್ಡ ಸಾಹುಕಾರಿಕೆ" ಅಂತ ತಮಾಷೆ ಮಾಡಿದೆವು.

ದೀಪಾವಳಿಗೆ ಊರಿಗೆ ಹೋದಾಗ ವಿಷಯ ಹೊರಗೆ ಬಂತು. ಇಬ್ಬರೂ ಬೈಕಿನಲ್ಲಿ ಅಜ್ಜಂಪುರಕ್ಕೆ ಹೋಗಿ, ಒಂದು ಸಣ್ಣ ಹೋಟೆಲಿನಲ್ಲಿ ಕೂತಿದ್ದೆವು. ಬಿಸಿ ಮೆಣಸಿನಕಾಯಿ ಬಜ್ಜಿ, ಖಾರಾ ಮಂಡಕ್ಕಿ, ಬೈ ಟು ಕಾಫಿ. "ಯಾಕೋ ನಮ್ಮನ್ನ ತಪ್ಪಿಸ್ಕೊಂಡು ಓಡಾಡ್ತಿದೀಯ?" ಅಂತ ಕೇಳಿಯೇಬಿಟ್ಟೆ. ಅವನು ಸ್ವಲ್ಪ ಹೊತ್ತು ಲೋಟ ತಿರುಗಿಸ್ತಾ ಕೂತ.

"ಆವತ್ತು ಈರುಳ್ಳಿ ಎಷ್ಟಕ್ಕೆ ಹೋಯ್ತು ಗೊತ್ತಾ? ಕೆಜಿಗೆ ಹನ್ನೆರಡು ರೂಪಾಯಿ. ನಿನ್ನ ಬಿಲ್ಲಿಗೆ ಕೊಟ್ಟಿದ್ದು ಒಂದೂವರೆ ಚೀಲ ಈರುಳ್ಳಿ ಕಣೋ. ರೈಲಲ್ಲಿ ಕೂತು ಅದನ್ನೇ ಲೆಕ್ಕ ಹಾಕ್ತಿದ್ದೆ."

924ನ್ನ 12ರಿಂದ ಭಾಗಿಸಿದೆ. 77 ಕೆಜಿ. ಬಿತ್ತಿ, ಕಳೆ ಕೀಳಿಸಿ, ಕೊಯ್ಯಿಸಿ, ಚೀಲ ತುಂಬಿಸಿ, ಲಾರಿ ಬಾಡಿಗೆ ಕೊಟ್ಟು ತಂದ 77 ಕೆಜಿ.

"ಹೇಳೋದಲ್ವೇನೋ? ನಾನೇ ಕೊಡ್ತಿದ್ದೆ" ಅಂದೆ. ಅದು ಇನ್ನೊಂದು ತಪ್ಪು. ಅವನ ಮುಖ ಬಿಗಿಯಾಯ್ತು. "ನೀನು ಕೊಡ್ಸೋದು ಬೇಡ. ಎಲ್ಲಿ ಕೂರೋಣ ಅಂತ ಒಂದು ಮಾತು ಕೇಳು, ಸಾಕು."

ಆ ರಾತ್ರಿ ನಿದ್ದೆ ಬರಲಿಲ್ಲ. ಸಿಇಟಿ ಕೌನ್ಸೆಲಿಂಗಿಗೆ ಅಂತ ನಾನು ಮೊದಲ ಸಲ ಬೆಂಗಳೂರಿಗೆ ಹೊರಟಾಗ ಜೊತೆಗೆ ಬಂದವನು ಇವನೇ. ಸಂಜೆಯವರೆಗೆ ಕಾದು ಸುಸ್ತಾಗಿ ಒಂದು ದರ್ಶಿನಿಗೆ ಹೋದಾಗ, ನನ್ನ ಹತ್ತಿರ ಬಸ್ ಚಾರ್ಜಿಗಷ್ಟೇ ಉಳಿದಿತ್ತು. ಅವನು ಗೋಡೆಯ ಮೇಲಿನ ದರಪಟ್ಟಿ ನೋಡಿ, ಒಂದು ಪ್ಲೇಟ್ ಇಡ್ಲಿ, ಎರಡು ಚಮಚ, ಬೈ ಟು ಕಾಫಿ ಹೇಳಿದ್ದ. ಯಾರ ಮುಖವೂ ಸಣ್ಣದಾಗಲಿಲ್ಲ. ಹೋಟೆಲಿನವರೂ ಏನೂ ಅನ್ನಲಿಲ್ಲ. ಸಾಂಬಾರು ಎರಡನೇ ಸಲ ಕೇಳಿದರೂ ಹಾಕಿದರು.

ಬೈ ಟು ಅನ್ನೋದು ನಮ್ಮ ಕರ್ನಾಟಕದ ಹೋಟೆಲುಗಳ ದೊಡ್ಡ ಮರ್ಯಾದೆ ಅಂತ ನನಗೆ ಆಗ ಗೊತ್ತಿರಲಿಲ್ಲ. ಅರ್ಧ ಕಾಫಿ ಕೇಳಿದವನನ್ನ ಬಡವ ಅಂತ ಯಾರೂ ನೋಡೋದಿಲ್ಲ, ಕಾರಿನಲ್ಲಿ ಬಂದವರೂ ಬೈ ಟುನೇ ಹೇಳ್ತಾರೆ. ಗಾಂಧಿ ಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಶುರುವಾದದ್ದು ಸುತ್ತಲಿನ ವಿದ್ಯಾರ್ಥಿಗಳಿಗೆ ತಿಂಡಿ ಕೊಡೋಕೆ. ಹೆಸರೇ ಅದನ್ನ ಹೇಳುತ್ತೆ. 1983ರಲ್ಲಿ ಜಯನಗರದಲ್ಲಿ ಕೆಫೆ ದರ್ಶಿನಿ ಬಂದಮೇಲೆ, ನಿಂತುಕೊಂಡು ಬೇಗ ತಿಂದು ಕಡಿಮೆ ದುಡ್ಡು ಕೊಟ್ಟು ಹೋಗೋ ಪದ್ಧತಿ ಊರೆಲ್ಲಾ ಹಬ್ಬಿತು. ಮೊದಲೇ ಟೋಕನ್ ತಗೋಬೇಕು, ಆದ್ದರಿಂದ ಯಾರು ಎಷ್ಟು ತಿಂದರು ಅನ್ನೋ ಗೊಂದಲವೇ ಇಲ್ಲ.

ಹೋಟೆಲು ಮೊದಲಿಂದಲೂ ಎಲ್ಲರಿಗೂ ತೆರೆದ ಜಾಗವಾಗಿರಲಿಲ್ಲ ಅನ್ನೋದನ್ನೂ ಮರೀಬಾರದು. ಕೆಲವರಿಗೆ ಹೊರಗೆ ನಿಲ್ಲಿಸಿ ಬೇರೆ ಲೋಟದಲ್ಲಿ ಚಹಾ ಕೊಡ್ತಿದ್ದ ಕಾಲ ಇತ್ತು. ಅದಕ್ಕೇ ನಮ್ಮ ಸಂವಿಧಾನದ 15ನೇ ವಿಧಿ ಅಂಗಡಿ, ಹೋಟೆಲುಗಳಿಗೆ ಹೋಗೋ ಹಕ್ಕನ್ನ ಹೆಸರಿಟ್ಟು ಹೇಳುತ್ತೆ. ಒಂದೇ ಟೇಬಲ್ಲಿನಲ್ಲಿ ಒಟ್ಟಿಗೆ ಕೂತು ತಿನ್ನೋದು ಅಷ್ಟು ಕಷ್ಟಪಟ್ಟು ಸಿಕ್ಕಿರೋ ಸುಖ. ಅದೇ ಟೇಬಲ್ಲಿನಿಂದ ಒಬ್ಬ ಗೆಳೆಯ ಮೆಲ್ಲಗೆ ಎದ್ದು ಹೋಗೋ ಹಾಗೆ ನಮ್ಮ ಆ್ಯಪ್ ಮಾಡಬಾರದಲ್ಲ.

ಈಗ ನಮ್ಮ ಗುಂಪಿನಲ್ಲಿ ಕೆಲವು ಪದ್ಧತಿ ಮಾಡಿಕೊಂಡಿದ್ದೀವಿ. ನಿಮಗೂ ಉಪಯೋಗ ಆಗಬಹುದು.

ಮೊದಲನೆಯದು, ಜಾಗ ಆರಿಸೋದು ದೂರದಿಂದ ಬಂದವನು, ಇಲ್ಲಾ ಆ ತಿಂಗಳು ಕೈ ಬಿಗಿ ಇರೋನು. ಯಾಕೆ ಅಂತ ಯಾರೂ ಕೇಳೋ ಹಾಗಿಲ್ಲ. ಕೆಲಸ ಕಳೆದುಕೊಂಡವನು, ಮನೆ ಸಾಲ ತೆಗೆದವನು, ಅಪ್ಪನ ಆಸ್ಪತ್ರೆ ಖರ್ಚಿನಲ್ಲಿ ಇರೋನು, ಎಲ್ಲರಿಗೂ ಈ ಪಾಳಿ ಬರುತ್ತೆ. ನನಗೂ ಬಂದಿತ್ತು.

ಎರಡನೆಯದು, ದೊಡ್ಡ ಜಾಗಕ್ಕೆ ಹೋದರೆ ಯಾರು ತಿಂದದ್ದು ಅವರ ಲೆಕ್ಕ. ಸಮಪಾಲು ಮಾಡೋದು ಎಲ್ಲರೂ ಹಂಚಿಕೊಂಡು ತಿಂದದ್ದನ್ನ ಮಾತ್ರ. ಆರ್ಡರ್ ಕೊಡೋ ಮುಂಚೆಯೇ ಇದನ್ನ ಹೇಳಿಬಿಟ್ಟರೆ ಕೊನೆಗೆ ಮುಜುಗರ ಇರಲ್ಲ.

ಮೂರನೆಯದು, ಬಿಲ್ಲನ್ನ ಓದೋದು. ಸೇವಾ ಶುಲ್ಕವನ್ನ ಹೋಟೆಲಿನವರು ತಾವಾಗೇ ಬಿಲ್ಲಿಗೆ ಸೇರಿಸೋ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿದೆ. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಅದನ್ನ ಎತ್ತಿಹಿಡಿದಿದೆ. ಇಷ್ಟವಿದ್ದರೆ ಕೊಡಬಹುದು, ಬೇಡದಿದ್ದರೆ ತೆಗೆಯಿರಿ ಅಂತ ಮೆತ್ತಗೆ ಹೇಳಬಹುದು. ಕೇಳದಿದ್ದರೆ 1915 ಗ್ರಾಹಕ ಸಹಾಯವಾಣಿ ಇದೆ. ಜಿಎಸ್‌ಟಿ ಬೇರೆ, ಅದು ತೆರಿಗೆ, ಬಿಡೋ ಹಾಗಿಲ್ಲ. ಆದರೆ ಕಾಂಪೊಸಿಷನ್ ಪದ್ಧತಿಯಲ್ಲಿರೋ ಸಣ್ಣ ಹೋಟೆಲುಗಳು ಗ್ರಾಹಕರಿಂದ ಜಿಎಸ್‌ಟಿ ಅಂತ ಬೇರೆ ವಸೂಲಿ ಮಾಡೋ ಹಾಗಿಲ್ಲ. ನಾನು ಆವತ್ತು ಬಿಲ್ ಓದಿದ್ದರೆ ಐದು ಜನಕ್ಕೂ ಸೇರಿ 420 ರೂಪಾಯಿ ಉಳಿಯುತ್ತಿತ್ತು. ಶುಲ್ಕ 400, ಅದರ ಮೇಲಿನ ತೆರಿಗೆ 20. ಟೇಬಲ್ ತನಕ ತಟ್ಟೆ ತಂದುಕೊಟ್ಟ ಹುಡುಗನಿಗೆ ಏನಾದರೂ ಕೊಡಬೇಕು ಅನ್ನಿಸಿದರೆ ಕೈಗೇ ಕೊಡ್ತೀವಿ.

ನಾಲ್ಕನೆಯದನ್ನ ಕಲಿಯೋಕೆ ನನಗೆ ತುಂಬಾ ಹೊತ್ತು ಹಿಡಿಯಿತು. ಅದನ್ನ ಕಲಿಸಿದ್ದೂ ಅವನೇ.

ಈ ಸಲದ ಸುಗ್ಗಿಯಲ್ಲಿ ಅವನು ಮತ್ತೆ ಬಂದ. ಈ ಸಲ ಊರು ಬಿಡೋ ಮುಂಚೆಯೇ ಗ್ರೂಪಿನಲ್ಲಿ ಕೇಳಿದೆ, "ಎಲ್ಲಿ ಕೂರೋಣ ಹೇಳು." "ಕೂರೋದ್ಯಾಕೆ, ನಿಲ್ಲೋಣ" ಅಂತ ಉತ್ತರ ಬಂತು. ಮಾರುಕಟ್ಟೆ ಹತ್ತಿರದ ಒಂದು ದರ್ಶಿನಿಯಲ್ಲಿ ಐದು ಜನ ಎತ್ತರದ ಟೇಬಲ್ ಸುತ್ತ ನಿಂತೆವು. ಮೂರು ಮಸಾಲೆ ದೋಸೆ, ಎರಡು ಪ್ಲೇಟ್ ಇಡ್ಲಿ ವಡೆ, ಕೊನೆಗೆ ಕಾಫಿ. ಟೋಕನ್ ಕೌಂಟರಿನಲ್ಲಿ ನಾನು ಅಭ್ಯಾಸಬಲದಿಂದ ಫೋನ್ ಎತ್ತಿದೆ. ಅವನು ನನ್ನ ಮಣಿಕಟ್ಟು ಹಿಡಿದು ಕೆಳಗಿಳಿಸಿದ.

"ಸುಮ್ನಿರೋ. ಇವತ್ತು ರೇಟ್ ಚೆನ್ನಾಗಿತ್ತು."

ನನ್ನ ಬಾಯಿಗೆ "ಬೇಡ ಬಿಡೋ, ನಿನಗ್ಯಾಕೆ" ಅನ್ನೋ ಮಾತು ಬಂದಿತ್ತು, ನುಂಗಿಕೊಂಡೆ. ಅವನು ಜೇಬಿನಿಂದ ಮಡಚಿದ ನೋಟು ತೆಗೆದು ಎಣಿಸಿ ಕೊಟ್ಟ. ಕೊಡಿಸೋ ಸುಖ ಯಾವಾಗಲೂ ನಮ್ಮ ಕಡೆಗೇ ಇರಬೇಕು ಅಂತ ಎಲ್ಲೂ ಬರೆದಿಲ್ಲವಲ್ಲ.

ಐದು ಜನಕ್ಕೆ ಮೂರು ಕಾಫಿ, ಎಲ್ಲಾ ಬೈ ಟು. ಆರು ಲೋಟ ಬಂತು. ಉಳಿದ ಆ ಅರ್ಧ ಕಾಫಿ ಯಾರಿಗೆ ಅಂತ ರೈಲಿನ ಹೊತ್ತಾಗೋವರೆಗೂ ಜಗಳ ಆಡಿದೆವು. ಅಷ್ಟರಲ್ಲಿ ಅದು ತಣ್ಣಗಾಗಿತ್ತು, ಅವನೇ ಕುಡಿದು ಬ್ಯಾಗ್ ಹೆಗಲಿಗೇರಿಸಿಕೊಂಡ.