ಒಣ ಕಾಗದ, ಒದ್ದೆ ಕಾಗದ

1774ರಲ್ಲಿ ಸ್ವೀಡನ್ನಿನಲ್ಲಿ ಶೀಲೆ ತಯಾರಿಸಿದ ಹಳದಿ ಮಿಶ್ರಿತ ಹಸಿರು ಅನಿಲವೇ ಕ್ಲೋರಿನ್. ನಿಮ್ಮ ಅಧ್ಯಾಪಕರು ಒಣ ಕ್ಲೋರಿನ್ ತುಂಬಿದ ಜಾಡಿಯೊಳಗೆ ಒಣಗಿದ ನೀಲಿ ಲಿಟ್ಮಸ್ ಕಾಗದವನ್ನು ಇಳಿಬಿಟ್ಟಾಗ ಗಮನಿಸಿ: ಬಣ್ಣ ಹಾಗೆಯೇ ಉಳಿಯುತ್ತದೆ. ಒದ್ದೆ ಕಾಗದವಾದರೋ ಮೊದಲು ಕೆಂಪಾಗಿ, ಬಳಿಕ ಬೆಳ್ಳಗಾಗುತ್ತದೆ. ಏಕೆ?

ಕ್ಲೋರಿನ್ ನೀರಿನೊಡನೆ ವರ್ತಿಸಿ ಎರಡು ಆಮ್ಲಗಳನ್ನು ಕೊಡುತ್ತದೆ. ಹೈಡ್ರೊಕ್ಲೋರಿಕ್ ಆಮ್ಲ ಕಾಗದವನ್ನು ಕೆಂಪಾಗಿಸುತ್ತದೆ. ಹೈಪೊಕ್ಲೋರಸ್ ಆಮ್ಲ ಬಣ್ಣವನ್ನು ಉತ್ಕರ್ಷಿಸಿ ಅಳಿಸುತ್ತದೆ. ನಲ್ಲಿ ನೀರಿನ ರೋಗಾಣುಗಳನ್ನು ಕೊಲ್ಲುವುದೂ ಮುಖ್ಯವಾಗಿ ಇದೇ.

ಆದರೆ ನಮ್ಮ ಶ್ವಾಸಕೋಶವೂ ಒದ್ದೆಯೇ ಅಲ್ಲವೇ? ಕ್ಲೋರಿನ್ ಒಳಹೊಕ್ಕರೆ ಅಲ್ಲಿಯೂ ಇವೇ ಆಮ್ಲಗಳು ಹುಟ್ಟಿ ಗಾಯ ಮಾಡುತ್ತವೆ. ಬ್ಲೀಚಿಂಗ್ ಪೌಡರಿಗೆ ಆಸಿಡ್ ಬಿದ್ದರೆ ಇದೇ ಅನಿಲ ಹೊರಬರುತ್ತದೆ. ಬಚ್ಚಲು ತೊಳೆಯುವಾಗ ಇವೆರಡನ್ನೂ ಎಂದಿಗೂ ಬೆರೆಸಬೇಡಿ. ಮನೆಯಲ್ಲಿಯೂ ತಿಳಿಸಿ.