ಆಂಜಿಯೋಗ್ರಾಂ ನಾರ್ಮಲ್ ಬಂದರೆ ಎದೆನೋವು ಬರೀ ಗ್ಯಾಸೇ?

"ಆಂಜಿಯೋಗ್ರಾಂ ನಾರ್ಮಲ್ ಬಂದೈತಿ, ಇನ್ನ ಹಾರ್ಟಿನ ಗುಳಿಗಿ ಯಾಕ? ಬರೀ ಗ್ಯಾಸ್ ಅದು, ಸೋಡಾ ಕುಡಿ." ಇಂಥ ಸಲಹೆ ವಾಟ್ಸ್ಆ್ಯಪ್ ಗ್ರೂಪ್‌ನಲ್ಲೂ ಸಿಗುತ್ತದೆ, ಮನೆಮುಂದಿನ ಕಟ್ಟೆಯ ಮೇಲೂ ಸಿಗುತ್ತದೆ. ಮಿರ್ಚಿ-ಮಂಡಕ್ಕಿ ಬಿಡದ ಕೊಪ್ಪಳ, ಕುಷ್ಟಗಿ ಕಡೆ ಗ್ಯಾಸ್ ಮೇಲೆ ತಪ್ಪು ಹೊರಿಸುವುದು ಸುಲಭ ಕೂಡ. ಆದರೆ ಈ ಮಾತು ನಂಬಿ ಮಾತ್ರೆ ಬಿಡುವುದು ಅಪಾಯ.

ಆಂಜಿಯೋಗ್ರಾಂನಲ್ಲಿ ಕಾಣುವುದು ಹೃದಯದ ದೊಡ್ಡ ರಕ್ತನಾಳಗಳು. ಸುಮಾರು ಅರ್ಧ ಮಿಲಿಮೀಟರ್‌ಗಿಂತ ಸಣ್ಣವು ಕಾಣುವುದೇ ಇಲ್ಲ. ತುಂಗಭದ್ರಾ ಎಡದಂಡೆ ಕಾಲುವೆ ತುಂಬಿ ಹರಿದರೂ ತೂಬು ತೆರೆಯದಿದ್ದರೆ ಗಂಗಾವತಿಯ ಭತ್ತದ ಗದ್ದೆಗೆ ನೀರು ಬರುತ್ತದೆಯೇ? ಹಾಗೆಯೇ, ಈ ಸಣ್ಣ ನಾಳಗಳು ಬೇಕಾದಾಗ ಹಿಗ್ಗದಿದ್ದರೆ, ಇಲ್ಲವೇ ಬಿಗಿದುಕೊಂಡರೆ, ಹೃದಯದ ಸ್ನಾಯುವಿಗೆ ರಕ್ತ ಸಾಲದೆ ಎದೆ ಹಿಡಿದಂತಾಗುತ್ತದೆ. ಮಹಿಳೆಯರಲ್ಲಿ ಇದು ಹೆಚ್ಚು. ಸಕ್ಕರೆ ಕಾಯಿಲೆ, ಬಿಪಿ ಇದ್ದವರಲ್ಲೂ ಕಾಣುತ್ತದೆ.

ಇನ್ನೊಂದು ಗೊಂದಲ ಸಾರ್ಬಿಟ್ರೇಟ್‌ನದು. ನಾಲಿಗೆ ಕೆಳಗೆ ಇಟ್ಟುಕೊಂಡರೂ ನೋವು ಇಳಿಯಲಿಲ್ಲ, ಹಾಗಾಗಿ ಹಾರ್ಟ್ ಅಲ್ಲ ಎನ್ನುತ್ತಾರೆ. ಈ ಮಾತ್ರೆ ಮುಖ್ಯವಾಗಿ ಹಿಗ್ಗಿಸುವುದು ದೊಡ್ಡ ನಾಳಗಳನ್ನು, ತೀರಾ ಸಣ್ಣವುಗಳ ಮೇಲೆ ಅದರ ಪರಿಣಾಮ ಕಡಿಮೆ. ಉಲ್ಟಾ, ಅನ್ನನಾಳದ ಸೆಳೆತದ ನೋವೂ ಇದರಿಂದ ಇಳಿಯಬಹುದು. ಅಂದರೆ ಇದು ಪರೀಕ್ಷೆಯಲ್ಲ! ಬಿಪಿ ಕಡಿಮೆ ಇರುವವರಿಗೆ, ವಯಾಗ್ರದಂಥ ಮಾತ್ರೆ ತಗೊಂಡವರಿಗೆ ಇದು ಜೀವಕ್ಕೇ ಕುತ್ತು.

ಹಾಗಾದರೆ ವೈದ್ಯರು ಮಾತ್ರೆ ಮುಂದುವರಿಸಿ ಎನ್ನುವುದೇಕೆ? ಹೃದಯದ ಸ್ನಾಯುವಿಗೆ ರಕ್ತ ಹೆಚ್ಚಾಗಿ ಇಳಿಯುವುದು ಎರಡು ಬಡಿತಗಳ ನಡುವಿನ ವಿರಾಮದಲ್ಲಿ. ಮೆಟೊಪ್ರೊಲಾಲ್, ಬೈಸೊಪ್ರೊಲಾಲ್ ಬಡಿತವನ್ನು ನಿಧಾನಗೊಳಿಸಿ ಆ ವಿರಾಮವನ್ನು ಉದ್ದ ಮಾಡುತ್ತವೆ. ಆಮ್ಲೋಡಿಪಿನ್, ಡಿಲ್ಟಿಯಾಜೆಮ್ ನಾಳದ ಬಿಗಿತ ಸಡಿಲಿಸುತ್ತವೆ. ರಾಮಿಪ್ರಿಲ್, ಸ್ಟ್ಯಾಟಿನ್ ನಾಳದ ಒಳಪದರಕ್ಕೆ ನೆರವಾಗಲೆಂದು ಕೊಡುವಂಥವು. ಯಾರಿಗೆ ಯಾವುದು ಎಂಬುದು ವೈದ್ಯರ ಲೆಕ್ಕ. ಮೆಟೊಪ್ರೊಲಾಲ್‌ನಂಥದ್ದನ್ನು ಒಮ್ಮೆಲೇ ನಿಲ್ಲಿಸಿದರೆ ನೋವು ಮರುಕಳಿಸಿ ಜೋರಾಗಬಹುದು.

ಔಷಧಿಯಿಂದಲೇ ನಾಳ ಬಿಗಿಯುವುದೂ ಉಂಟು. ಕ್ಯಾನ್ಸರ್‌ಗೆ ಮನೆಯಲ್ಲೇ ನುಂಗುವ ಕ್ಯಾಪೆಸಿಟಬಿನ್ ಮಾತ್ರೆ ಕೆಲವರಲ್ಲಿ ಹೃದಯದ ನಾಳಗಳನ್ನು ಹಿಂಡುತ್ತದೆ. ಅಂಥವರು ಎದೆನೋವನ್ನು ಕೀಮೋದ ಸುಸ್ತು ಎಂದು ತಳ್ಳಿಹಾಕದೆ ಅದೇ ದಿನ ವೈದ್ಯರಿಗೆ ತಿಳಿಸಬೇಕು.

ನೋವು ಹತ್ತು-ಹದಿನೈದು ನಿಮಿಷ ಬಿಡದಿದ್ದರೆ, ಬೆವರು ಕಿತ್ತು ಬಂದರೆ, ಹಳೇ ರಿಪೋರ್ಟ್ ನಾರ್ಮಲ್ ಇದ್ದರೂ 108ಕ್ಕೆ ಕರೆ ಮಾಡಿ, ಮೊದಲು ಇಸಿಜಿ ಮಾಡಿಸಿ. ಸರ್ಕಾರದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಹೃದಯಾಘಾತವಾಗಿದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಯಲಬುರ್ಗಾ ಇರಲಿ, ಗಂಗಾವತಿ ಇರಲಿ, ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯವಿದೆ ಎಂದು ಇವತ್ತೇ ಕೇಳಿಟ್ಟುಕೊಳ್ಳಿ.