ಒಂದು ಬಟ್ಟಲು, ಐದು ಪೆಟ್ಟಿಗೆ

1931ರ ಮಾತು. ಜಪಾನಿನ ಕ್ಯೋಟೊ ನಗರದ ದೈತೊಕುಜಿ ದೇವಾಲಯದ ಆವರಣದಲ್ಲಿರುವ ಕೊಹೊಆನ್ ಎಂಬ ಝೆನ್ ಮಠಕ್ಕೆ ಯಾನಗಿ ಸೊಎತ್ಸು ಎಂಬ ಕಲಾವಿಮರ್ಶಕರು ಬಂದರು. ಬಹುಕಾಲದಿಂದ ನೋಡಬೇಕೆಂದು ಅವರು ಹಂಬಲಿಸಿದ್ದ ಚಹಾ ಬಟ್ಟಲೊಂದು ಅಲ್ಲಿತ್ತು. ಮಠದವರು ಒಂದು ಪೆಟ್ಟಿಗೆ ತಂದಿಟ್ಟರು. ತೆರೆದರೆ ಒಳಗೆ ಇನ್ನೊಂದು ಪೆಟ್ಟಿಗೆ. ಅದರೊಳಗೆ ಮತ್ತೊಂದು. ಹೀಗೆ ಐದು ಪೆಟ್ಟಿಗೆ ದಾಟಿ, ಉಣ್ಣೆ ಸರಿಸಿ, ನೇರಳೆ ರೇಷ್ಮೆಯನ್ನು ಬಿಚ್ಚಿದಾಗ ಸಿಕ್ಕಿದ್ದು ಹದಿನೈದು ಸೆಂಟಿಮೀಟರಿಗೆ ತುಸು ಮಿಕ್ಕ ಅಗಲದ ಒಂದು ಮಣ್ಣಿನ ಬಟ್ಟಲು.

ಬಣ್ಣ ಮಾಸಲು ಹಳದಿ. ಮೈಮೇಲೆ ತಿಗರಿ ತಿರುಗಿದ ಗುರುತುಗಳು ಹಾಗೇ ಉಳಿದಿವೆ. ಗಾಜಿನಂಥ ಲೇಪ ಎಲ್ಲೆಡೆ ಸಣ್ಣಗೆ ಬಿರಿದಿದೆ, ಪಾದದ ಬಳಿ ಸರಿಯಾಗಿ ಹರಡದೆ ಹನಿಹನಿಯಾಗಿ ಗಟ್ಟಿಕಟ್ಟಿದೆ. ಎಂಥ ಸಾಮಾನ್ಯ ಬಟ್ಟಲು ಎಂಬುದೇ ಯಾನಗಿಯವರಿಗೆ ಮೊದಲು ಹೊಳೆದದ್ದು. ಹದಿನಾರನೆಯ ಶತಮಾನದ ಕೊರಿಯದಲ್ಲಿ ಬಡವರು ಅನ್ನ ಉಣ್ಣುತ್ತಿದ್ದ ಅಗ್ಗದ ಪಾತ್ರೆ ಇದು ಎಂದು ಅವರು ಬರೆದರು. ಆ ಸಾಮಾನ್ಯತೆಯೇ ಇದರ ಹಿರಿಮೆ ಎಂದೂ ಬರೆದರು. (ಅನ್ನದ ಬಟ್ಟಲಲ್ಲ, ಪೂಜೆಯ ಪಾತ್ರೆಯಿದ್ದೀತು ಎಂದು ವಾದಿಸುವ ವಿದ್ವಾಂಸರೂ ಇದ್ದಾರೆ.)

'ಕಿಜಾಎಮೊನ್' ಎಂಬ ಹೆಸರಿನ ಈ ಬಟ್ಟಲು ಇಂದು ಜಪಾನಿನ ರಾಷ್ಟ್ರೀಯ ನಿಧಿ. ಆ ಪಟ್ಟ ಪಡೆದ ಚಹಾ ಬಟ್ಟಲುಗಳು ಒಟ್ಟು ಎಂಟೇ. ಐದು ಚೀನದವು, ಎರಡು ಜಪಾನಿನವು, ಕೊರಿಯದ್ದು ಇದೊಂದೇ. ಗಾಡಿಯ ಮುಂದೆ ನಿಂತು ಗಾಜಿನ ಲೋಟದಲ್ಲಿ ಚಹಾ ಹೀರಿ ಹೊರಡುವ ನಮಗೆ ಇದು ವಿಚಿತ್ರವಾಗಿ ಕಂಡೀತು. ಬರೀ ಮಣ್ಣಿನಲ್ಲಿ, ಲೇಪದಲ್ಲಿ ಹುಡುಕಿದರೆ ಇದರ ಬೆಲೆ ಹೊಳೆಯುವುದಿಲ್ಲ. ಬಟ್ಟಲನ್ನು ಯಾರು ಕೈಯಲ್ಲಿ ಹಿಡಿದರು, ಯಾರು ಹೆಸರಿಟ್ಟರು, ಯಾರು ಅದಕ್ಕಾಗಿ ಕೆಟ್ಟರು ಎಂಬ ಲೆಕ್ಕವೂ ಬೇಕು.

ಪುಡಿ ಮಾಡಿದ ಹಸಿರು ಚಹಾವನ್ನು ಬಟ್ಟಲಿಗೆ ಹಾಕಿ, ಬಿಸಿನೀರು ಹೊಯ್ದು, ಬಿದಿರಿನ ಪುಟ್ಟ ಕಡೆಗೋಲಿನಿಂದ ನೊರೆಯೆಬ್ಬಿಸಿ ಕುಡಿಯುವ ಪದ್ಧತಿ ಚೀನದ್ದು. 1191ರಲ್ಲಿ ಅಲ್ಲಿಂದ ಮರಳಿದ ಐಸಾಯ್ ಎಂಬ ಝೆನ್ ಭಿಕ್ಷು ಇದನ್ನು ಜಪಾನಿನಲ್ಲಿ ಬೇರೂರಿಸಿದ. ಮುಂದಿನ ಮುನ್ನೂರು-ನಾನೂರು ವರ್ಷಗಳಲ್ಲಿ ಅದು ಅತಿಥಿಸತ್ಕಾರದ ಒಂದು ವಿಧಿಯಾಗಿ ಬೆಳೆಯಿತು. ಯಾವ ಋತುವಿಗೆ, ಯಾವ ಅತಿಥಿಗೆ ಯಾವ ಬಟ್ಟಲು, ಯಾವ ಹಂಡೆ, ಯಾವ ಹೂದಾನಿ ಎಂದು ಆತಿಥೇಯ ಮೊದಲೇ ಆಲೋಚಿಸಿ ಆರಿಸುತ್ತಾನೆ. ಚಹಾ ಮುಗಿದ ಮೇಲೆ ಅತಿಥಿಗಳು ಪುಡಿಯ ಕುಡಿಕೆಯನ್ನೂ ಬಿದಿರಿನ ಚಮಚವನ್ನೂ ನೋಡಲು ಕೇಳಿ ಪಡೆಯುತ್ತಾರೆ. ಇದನ್ನು ಮಾಡಿದವರು ಯಾರು, ಹೆಸರೇನು ಎಂದು ವಿಚಾರಿಸುವುದು ಶಿಷ್ಟಾಚಾರ. ಹಾಗಾಗಿ ಪಾತ್ರೆ ಕೂಡಿಡುವುದು ಚಹಾ ವಿಧಿಯ ಪಕ್ಕದಲ್ಲಿ ಬೆಳೆದ ಬೇರೊಂದು ಹವ್ಯಾಸವಲ್ಲ, ಅದರದೇ ಅಂಗ.

ಮೊದಮೊದಲು ಬೆಲೆಯಿದ್ದುದು ನಯವಾದ ಚೀನೀ ಪಾತ್ರೆಗಳಿಗೆ. ದೃಷ್ಟಿ ಬದಲಾದದ್ದು ಮುರಾತ ಜುಕೊನಿಂದ (1423-1502). ಅದನ್ನು ತುದಿ ಮುಟ್ಟಿಸಿದವನು ಸಕಾಯ್ ಪಟ್ಟಣದ ವರ್ತಕರ ಮನೆಯಲ್ಲಿ ಹುಟ್ಟಿದ ಸೆನ್ ನೊ ರಿಕ್ಯು (1522-1591). ರೈತರ ಮನೆಯ ಒರಟು ಜಾಡಿ, ಕೊರಿಯದ ಬಟ್ಟಲು, ಬಿದಿರಿನ ತುಂಡು ಇವೆಲ್ಲ ಚಹಾದ ಕೋಣೆಯೊಳಗೆ ಬಂದವು. ಅಗ್ಗದ ವಸ್ತುವಿಗೆ ಬೆಲೆ ಬಂದಾಗ ಅದು ಅಗ್ಗವಾಗಿ ಉಳಿಯುವುದಿಲ್ಲವಲ್ಲ! ರಿಕ್ಯು ಮೆಚ್ಚಿದ್ದು ಎಂಬ ಒಂದು ಮಾತೇ ಪಾತ್ರೆಯ ಬೆಲೆಯನ್ನು ಎಲ್ಲಿಂದ ಎಲ್ಲಿಗೋ ಏರಿಸುತ್ತಿತ್ತು.

ಅದು ಅಂತರ್ಯುದ್ಧಗಳ ಕಾಲ. 1568ರಲ್ಲಿ ಕ್ಯೋಟೊವನ್ನು ವಶಪಡಿಸಿಕೊಂಡ ಸೇನಾಧಿಪತಿ ಓಡ ನೊಬುನಾಗ, ಹೆಸರಾಂತ ಚಹಾ ಪಾತ್ರೆಗಳನ್ನು ವರ್ತಕರಿಂದಲೂ ಸರದಾರರಿಂದಲೂ ಒತ್ತಾಯದಿಂದ ಕೊಳ್ಳತೊಡಗಿದ. ಗೆದ್ದ ಸರದಾರರಿಗೆ ಭೂಮಿಯ ಬದಲು ಪಾತ್ರೆ ಕೊಡುವ ಜಾಣತನವೂ ಅವನದೇ. 1582ರಲ್ಲಿ ತಕಿಗಾವ ಕಜುಮಸು ಎಂಬ ಸೇನಾನಿಗೆ ಯುದ್ಧದ ಬಹುಮಾನವಾಗಿ ಒಂದು ಇಡೀ ಪ್ರಾಂತವೇ ಸಿಕ್ಕಿತು. ಅವನಿಗೆ ಬೇಕಿದ್ದುದು ಬದನೆಕಾಯಿಯ ಆಕಾರದ ಒಂದು ಚಹಾಪುಡಿಯ ಕುಡಿಕೆ! ಅದು ಸಿಗಲಿಲ್ಲವಲ್ಲ ಎಂದು ಪತ್ರದಲ್ಲಿ ಗೋಳು ತೋಡಿಕೊಂಡಿದ್ದಾನೆ.

ಮತ್ಸುನಾಗ ಹಿಸಾಹಿದೆಯ ಕಥೆ ಇನ್ನೂ ಘೋರ. 1568ರಲ್ಲಿ 'ತ್ಸುಕುಮೊ' ಎಂಬ ಪ್ರಸಿದ್ಧ ಕುಡಿಕೆಯನ್ನು ಕಾಣಿಕೆಯಿತ್ತು ನೊಬುನಾಗನ ಕೃಪೆ ಗಳಿಸಿದ ಈತ, ಆಮೇಲೆ ತಿರುಗಿಬಿದ್ದ. 1577ರಲ್ಲಿ ಅವನ ಕೋಟೆಗೆ ಮುತ್ತಿಗೆ ಬಿತ್ತು. 'ಚಪ್ಪಟೆ ಜೇಡ' ಎಂಬ ಹೆಸರಿನ ಅವನ ಕಬ್ಬಿಣದ ಹಂಡೆಯ ಮೇಲೆ ನೊಬುನಾಗನಿಗೆ ಕಣ್ಣಿತ್ತು. ಹಂಡೆಯನ್ನು ಒಪ್ಪಿಸುವ ಬದಲು ಹಿಸಾಹಿದೆ ಅದನ್ನು ಒಡೆದು ಹಾಕಿ ತಾನೂ ಸತ್ತ ಎನ್ನುತ್ತಾರೆ.

ತ್ಸುಕುಮೊ ಮಾತ್ರ ಗಟ್ಟಿ ಜೀವ. 1615ರಲ್ಲಿ ಒಸಾಕಾ ಕೋಟೆ ಸುಟ್ಟು ಬಿದ್ದಾಗ ಅದು ಬೂದಿಯಲ್ಲಿ ಚೂರಾಯಿತು. ಹೊಸ ದೊರೆ ಇಎಯಾಸುವಿನ ಅಪ್ಪಣೆಯಂತೆ ಫುಜಿಶಿಗೆ ಮನೆತನದ ತಂದೆ-ಮಗ ಅವಶೇಷಗಳನ್ನು ಕೆದಕಿ ಚೂರುಗಳನ್ನು ಹೆಕ್ಕಿದರು. ಉರುಶಿ ಎಂಬ ಮರದ ಅಂಟುರಸದಿಂದ ಅವನ್ನು ಜೋಡಿಸಿದರು. ಲೇಪದ ಹೊಳಪನ್ನೂ ಅದರಲ್ಲೇ ಬರಿಸಿದರು. ಈಗ ಟೋಕಿಯೊದ ಸೆಇಕಾದೊ ವಸ್ತುಸಂಗ್ರಹಾಲಯದಲ್ಲಿರುವ ಇದನ್ನು ಬರಿಗಣ್ಣಿನಿಂದ ನೋಡಿದರೆ ಒಡೆದದ್ದೆಂದು ಗೊತ್ತಾಗುವುದಿಲ್ಲ. ಎಕ್ಸ್-ರೇ ಹಿಡಿದಾಗ ಒಳಗೆ ಚೂರುಗಳೇ ಕಂಡವು.

ರಿಕ್ಯುವಿನ ಅಂತ್ಯಕ್ಕೂ ಪಾತ್ರೆಯ ವ್ಯಾಪಾರ ತಳಕು ಹಾಕಿಕೊಂಡಿದೆ. 1591ರಲ್ಲಿ ಅವನ ಒಡೆಯ ಹಿದೆಯೋಶಿ ಅವನಿಗೆ ಆತ್ಮಹತ್ಯೆಯ ಶಿಕ್ಷೆ ವಿಧಿಸಿದ. ನಿಜವಾದ ಕಾರಣದ ಬಗ್ಗೆ ಇಂದಿಗೂ ಚರ್ಚೆಯಿದೆ; ಆದರೆ ಪಾತ್ರೆಗಳನ್ನು ಅನ್ಯಾಯದ ಬೆಲೆಗೆ ಮಾರಿ ಲಾಭ ಮಾಡಿದ ಎಂಬುದು ಹೊರಿಸಿದ ಆರೋಪಗಳಲ್ಲೊಂದು. ಸಾಯುವ ಮುನ್ನ ಅವನು ಕೆತ್ತಿದ ಬಿದಿರಿನ ಚಮಚದ ಹೆಸರು 'ಕಣ್ಣೀರು'. ಶಿಷ್ಯ ಫುರುತಾ ಒರಿಬೆ ಅದಕ್ಕೊಂದು ಕೊಳವೆ ಮಾಡಿ, ಅದರಲ್ಲಿ ಕಿಟಕಿ ಕೊರೆದು, ಗುರುವಿನ ಸ್ಮಾರಕದಂತೆ ಇಟ್ಟು ನಮಿಸುತ್ತಿದ್ದನಂತೆ. ಚಮಚ ಈಗ ನಾಗೊಯಾದ ತೊಕುಗಾವ ಸಂಗ್ರಹಾಲಯದಲ್ಲಿದೆ.

ಈ ರಸಿಕತೆಗೆ ಕೊರಿಯ ತೆತ್ತ ಬೆಲೆಯನ್ನು ಹೇಳದಿದ್ದರೆ ಮಾತು ಅರ್ಧವಾದೀತು. ಹಿದೆಯೋಶಿ 1592ರಿಂದ 1598ರವರೆಗೆ ಎರಡು ಬಾರಿ ಕೊರಿಯದ ಮೇಲೆ ದಂಡೆತ್ತಿದ. ಹಿಂತಿರುಗಿದ ಸರದಾರರು ಅಲ್ಲಿನ ಕುಂಬಾರರನ್ನು ಕುಟುಂಬಸಮೇತ ಹಿಡಿದು ತಂದರು. ಇದಕ್ಕೆ 'ಕುಂಬಾರಿಕೆಯ ಯುದ್ಧ' ಎಂಬ ಅಡ್ಡಹೆಸರೇ ಇದೆ. ಚಹಾದವರು ಇಂದಿಗೂ ಮುದ್ದಿನಿಂದ ಹೇಳುವ ಹಾಗಿ ಬಟ್ಟಲು ಹುಟ್ಟಿದ್ದು ಹೀಗೆ ಬಂದ ಕೈಗಳಿಂದ. ಕಿಜಾಎಮೊನ್ ಬಟ್ಟಲನ್ನು ತಿಗರಿಯಿಂದ ಇಳಿಸಿದವನ ಹೆಸರು ಯಾರಿಗೂ ಗೊತ್ತಿಲ್ಲ. ಬಟ್ಟಲಿಗಿರುವುದು ಅದರ ಯಜಮಾನನಾಗಿದ್ದ ಒಸಾಕಾ ವರ್ತಕನ ಹೆಸರು.

ಇನ್ನು ಆ ಪೆಟ್ಟಿಗೆಗಳ ವಿಷಯ. ಹಗುರವಾದ ಕಿರಿ ಮರದ ಪೆಟ್ಟಿಗೆ ಇಲ್ಲಿ ಬಟ್ಟಲಿನ ಜಾತಕವಿದ್ದಂತೆ. ಕುಂಬಾರನೇ ಸಹಿ ಮಾಡಿ ಕೊಟ್ಟ ಪೆಟ್ಟಿಗೆಗೆ ಒಂದು ಬೆಲೆ. ರಿಕ್ಯುವಿನ ವಂಶದ ಮೂರು ಸೆನ್ ಮನೆತನಗಳ ಗುರುಗಳು ಮುಚ್ಚಳದ ಮೇಲೆ ಬಟ್ಟಲಿನ ಹೆಸರು ಬರೆದು ಮುದ್ರೆ ಹಾಕಿದ್ದರೆ ಇನ್ನೊಂದು ಬೆಲೆ. ಹೊಸ ಯಜಮಾನ ಹಳೆಯ ಪೆಟ್ಟಿಗೆಯನ್ನು ಬಿಸಾಡುವುದಿಲ್ಲ, ಅದರ ಸುತ್ತ ತನ್ನದೊಂದನ್ನು ಮಾಡಿಸುತ್ತಾನೆ. ಒಳಗೆ ಸುತ್ತುವ ಬಟ್ಟೆಗೂ ಚರಿತ್ರೆಯಿದೆ. ಚೋಳಮಂಡಲ ಕರಾವಳಿಯಿಂದ ಹಡಗೇರಿ ಹೋದ ನಮ್ಮ ಚೀಟಿ ಬಟ್ಟೆ ಅಲ್ಲಿ 'ಸರಸಾ' ಎನಿಸಿಕೊಂಡು ಚಹಾ ರಸಿಕರ ಪಾತ್ರೆಗಳನ್ನು ಹೊದ್ದಿಸಿತು. ಪಟ್ಟೆ ಪಟ್ಟೆಯ ಹತ್ತಿ ಬಟ್ಟೆಗೆ 'ಸಂತೊಮೆ' ಎಂದು ಹೆಸರು. ಅದು ಚೆನ್ನೈನ ಸ್ಯಾಂಥೋಮ್.

ಪೆಟ್ಟಿಗೆ ಹೇಳುವ ಕಥೆಗಳೆಲ್ಲ ಶುಭವಲ್ಲ. ಕಿಜಾಎಮೊನ್ ಬಟ್ಟಲನ್ನು ಇಟ್ಟುಕೊಂಡವರಿಗೆ ಮೈತುಂಬ ಕುರು ಏಳುತ್ತದೆಂಬ ನಂಬಿಕೆಯಿತ್ತು. ಕೆಟ್ಟು ಬೀದಿಗೆ ಬಂದ ಒಬ್ಬ ಯಜಮಾನ ಸಾಯುವವರೆಗೂ ಅದನ್ನು ಮಾರದೆ ಕೊರಳಿಗೆ ಕಟ್ಟಿಕೊಂಡೇ ತಿರುಗಿದನಂತೆ. 1775ರಲ್ಲಿ ಮತ್ಸುಎ ಸಂಸ್ಥಾನದ ಒಡೆಯ ಮತ್ಸುದೈರ ಫುಮೈ 550 ರ್ಯೊ ಚಿನ್ನ ತೆತ್ತು ಅದನ್ನು ಕೊಂಡ. ಅವನಿಗೂ ಕುರು ಎದ್ದಿತು. ಹೆಂಡತಿ ಕಾಡಿ ಬೇಡಿದರೂ ಬಿಡಲಿಲ್ಲ. ಅವನು 1818ರಲ್ಲಿ ತೀರಿಕೊಂಡ ಮೇಲೆ ಮಗನಿಗೂ ಅದೇ ಕಾಯಿಲೆ ತಗಲಿದಾಗ ಮನೆಯವರು ಬಟ್ಟಲನ್ನು ಕೊಹೊಆನ್ ಮಠಕ್ಕೆ ಒಪ್ಪಿಸಿ ಕೈ ತೊಳೆದುಕೊಂಡರು.

ಪೆಟ್ಟಿಗೆಗೆ ಇಷ್ಟು ಮಹತ್ವ ಬಂದಾಗ ಒಳ್ಳೆಯ ಪೆಟ್ಟಿಗೆಗೆ ಕೆಟ್ಟ ಬಟ್ಟಲು ಸೇರುವುದೂ ಸಹಜ. ಬಲ್ಲವರು ಹಾಗಾಗಿ ಮುಚ್ಚಳ ಓದುವ ಮೊದಲು ಬಟ್ಟಲನ್ನು ಬೋರಲು ಹಾಕುತ್ತಾರೆ. ಪಾದದಲ್ಲಿ ಲೇಪವಿಲ್ಲದ ಕಡೆ ಮಣ್ಣು ಬೆತ್ತಲೆಯಾಗಿ ಕಾಣುತ್ತದೆ. 1930ರಲ್ಲಿ ಅರಕಾವ ತೊಯೊಜೊ ಎಂಬ ಕುಂಬಾರ ನಾಗೊಯಾದಲ್ಲಿ ಬಿದಿರ ಕಳಲೆಯ ಚಿತ್ರವಿದ್ದ ಹಳೆಯ ಶಿನೊ ಬಟ್ಟಲೊಂದರ ಪಾದ ನೋಡಿದ. ಶಿನೊ ಬಟ್ಟಲುಗಳು ಸೆತೊ ಊರಿನವೆಂಬುದು ಆಗಿನ ಎಲ್ಲರ ತಿಳುವಳಿಕೆ. ಪಾದಕ್ಕೆ ಅಂಟಿದ್ದ ಕೆಂಪು ಮಣ್ಣಿನ ಕಣ ಸೆತೊದ್ದಲ್ಲ ಎನ್ನಿಸಿತು ಅವನಿಗೆ. ಕೆಲವೇ ದಿನಗಳಲ್ಲಿ ಮಿನೊ ಸೀಮೆಯ ಒಂದು ಹಾಳು ಆವಿಗೆಯಲ್ಲಿ ಅದೇ ಕಳಲೆಯ ಚಿತ್ರದ ಚೂರು ಸಿಕ್ಕಿತು. ಒಂದು ಕಣ ಮಣ್ಣು ಚರಿತ್ರೆಯ ಪುಸ್ತಕವನ್ನೇ ತಿದ್ದಿತು.

ತಜ್ಞರು ಎಡವಿದ್ದೂ ಇದೆ. 1294ನೆಯ ಇಸವಿಗೆ ಸಲ್ಲುವ ಬರಹ ಕೆತ್ತಿದ್ದ ಒಂದು ಹೂಜಿಯನ್ನು ಜಪಾನ್ ಸರ್ಕಾರ 1959ರಲ್ಲಿ ಮಹತ್ವದ ಸಾಂಸ್ಕೃತಿಕ ಸ್ವತ್ತೆಂದು ಘೋಷಿಸಿತು. ಮರುವರ್ಷ ಕಾತೊ ತೊಕುರೊ ಎಂಬ ಕುಂಬಾರ ಅದನ್ನು ಮಾಡಿದವನು ತಾನೇ ಎಂದುಬಿಟ್ಟ. 1961ರಲ್ಲಿ ಘೋಷಣೆ ರದ್ದಾಯಿತು. ಅದನ್ನು ಮೆಚ್ಚಿ ಶಿಫಾರಸು ಮಾಡಿದ್ದ ತಜ್ಞ ಕೊಯಾಮ ಫುಜಿಯೊ ಹುದ್ದೆ ತೊರೆದರು. ತೊಕುರೊನೂ ಸಾರ್ವಜನಿಕ ಹುದ್ದೆಗಳನ್ನು ಬಿಟ್ಟ; ಆದರೆ ಅವನ ಹೆಸರು ಇನ್ನಷ್ಟು ಬೆಳೆಯಿತು!

ಎಲ್ಲವೂ ಹಳೆಯದೇ ಆಗಬೇಕೆಂದಿಲ್ಲ. ರಿಕ್ಯುವಿನ ಸೂಚನೆಯಂತೆ 1580ರ ದಶಕದಲ್ಲಿ ಚೋಜಿರೊ ಎಂಬ ಕುಶಲಕರ್ಮಿ ಆರಂಭಿಸಿದ ರಾಕು ಮನೆತನ ಕ್ಯೋಟೊದಲ್ಲಿ ಇಂದಿಗೂ ಬಟ್ಟಲು ಮಾಡುತ್ತಿದೆ. 2019ರಿಂದ ಹದಿನಾರನೆಯ ತಲೆಮಾರು. ತಿಗರಿ ಬಳಸುವುದಿಲ್ಲ. ಮಣ್ಣನ್ನು ಅಂಗೈಯಲ್ಲಿ ಎತ್ತಿ ಕಟ್ಟಿ, ಅಲಗಿನಿಂದ ಕೆತ್ತುತ್ತಾರೆ. ಕಪ್ಪು ರಾಕುವನ್ನು ಪುಟ್ಟ ಆವಿಗೆಯಲ್ಲಿ ಒಂದೊಂದಾಗಿ ಸುಟ್ಟು, ಕೆಂಡದಂತಿರುವಾಗಲೇ ಇಕ್ಕಳದಿಂದ ಹೊರಗೆಳೆಯುತ್ತಾರೆ. ಇಕ್ಕಳದ ಗುರುತು ಬಟ್ಟಲಿನ ಮೇಲೆ ಉಳಿಯುವುದುಂಟು. ಮಣ್ಣು ಗಾಜಿನಷ್ಟು ಗಟ್ಟಿಯಾಗದೆ ರಂಧ್ರರಂಧ್ರವಾಗಿರುವುದರಿಂದ ಶಾಖ ನಿಧಾನವಾಗಿ ಹೊರಬರುತ್ತದೆ; ಹಿಡಿಯಿಲ್ಲದ ಬಟ್ಟಲು ಎರಡೂ ಅಂಗೈಗಳ ನಡುವೆ ಹಿತವಾಗಿ ಕೂರುತ್ತದೆ. ಮಣ್ಣನ್ನು ಮುಂದಿನ ತಲೆಮಾರುಗಳಿಗೆಂದು ಕೂಡಿಡುವ ಪದ್ಧತಿ ಈ ಮನೆಯಲ್ಲಿದೆ. ಇವರದೇ ವಸ್ತುಸಂಗ್ರಹಾಲಯದಲ್ಲಿ ಬಟ್ಟಲುಗಳನ್ನು ಸಂದರ್ಶಕರು ಕೈಯಲ್ಲಿ ಹಿಡಿದು ನೋಡುವ ಕೂಟಗಳನ್ನೂ ಏರ್ಪಡಿಸುತ್ತಾರೆ. ಗಾಜಿನ ಕಪಾಟಿನಾಚೆಗೆ ತೂಕ ತಿಳಿಯುವುದು ಹೇಗೆ?

ರಾಷ್ಟ್ರೀಯ ನಿಧಿಗಳನ್ನು ದೇಶದಾಚೆ ಮಾರಲು 1950ರ ಕಾನೂನು ಬಿಡುವುದಿಲ್ಲ. ಅದರ ಕೆಳಗಿನ ಲೋಕ ಬೇರೆ. ಚಹಾ ವಿಧಿ ಕಲಿಯುವವರು ಜಪಾನಿನಲ್ಲಿ ಕಡಿಮೆಯಾಗುತ್ತಿದ್ದಾರೆ. ಅಜ್ಜಿಯರು ಜೋಪಾನವಾಗಿಟ್ಟಿದ್ದ ಪೆಟ್ಟಿಗೆಗಳು, ಮನೆ ಖಾಲಿ ಮಾಡುವಾಗ ಹಳೆ ಸಾಮಾನಿನ ವ್ಯಾಪಾರಿಯ ಕೈ ಸೇರುತ್ತಿವೆ. ಕ್ಯೋಟೊದ ತೊಜಿ ದೇವಾಲಯದ ಅಂಗಳದಲ್ಲಿ ಪ್ರತಿ ತಿಂಗಳು 21ರಂದು, ಕಿತಾನೊ ದೇಗುಲದಲ್ಲಿ 25ರಂದು ಸಂತೆ ಕೂಡುತ್ತದೆ. ಹಳೆಯ ಕಿಮೊನೊಗಳ ಪಕ್ಕದಲ್ಲಿ ಚಹಾ ಬಟ್ಟಲುಗಳೂ ಇರುತ್ತವೆ. ಹೆಚ್ಚಿನವು ಹೆಸರಿಲ್ಲದವರು ಮಾಡಿದವು, ಪೆಟ್ಟಿಗೆ ಕಳೆದುಕೊಂಡವು. ಕೊಳ್ಳುವವರು ಅದನ್ನು ಮೊದಲು ಬೋರಲು ಹಾಕುತ್ತಾರೆ, ಪಾದ ನೋಡುತ್ತಾರೆ, ಅಂಚಿನ ಸುತ್ತ ಬೆರಳಾಡಿಸುತ್ತಾರೆ. ಮನೆಗೆ ಒಯ್ದ ಮೇಲೆ ಒಂದಷ್ಟು ಹೊತ್ತು ಬೆಚ್ಚನೆಯ ನೀರಿನಲ್ಲಿ ನೆನೆಹಾಕುತ್ತಾರೆ. ಬಹುಕಾಲ ಒಣಗಿದ್ದ ಮಣ್ಣು ಚಹಾ ಬಿದ್ದೊಡನೆ ಹೀರಿ ಕಲೆ ಹಿಡಿಯದಿರಲಿ ಎಂದು.